ಲೆಕ್ಕಕ್ಕೆ ಸಿಗದ ಸರ್ವರ್‌ಗಳು

ಕಚೇರಿಯ ಸರ್ವರ್‌ಗಳ, ಅಂದರೆ ಎಲ್ಲರ ದತ್ತಾಂಶ ಮತ್ತು ಸೇವೆಗಳನ್ನು ನಡೆಸುವ ಕಂಪ್ಯೂಟರ್‌ಗಳ, ಹೊಣೆ ವಹಿಸಿಕೊಂಡಾಗ ನನಗೆ ಹಸ್ತಾಂತರವಾದದ್ದು ಒಂದು ಎಕ್ಸೆಲ್ ಕಡತ ಮತ್ತು ಒಂದು ಬೀಗದ ಕೈ. ಕಡತದಲ್ಲಿ ಸರ್ವರ್‌ನ ಹೆಸರು, ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸ, ಯಾವುದಕ್ಕೆ ಬಳಕೆ ಎಂಬ ಮೂರು ಅಂಕಣಗಳಿದ್ದವು. ಬೀಗದ ಕೈ ಸರ್ವರ್ ಕೋಣೆಯದು. ಪಟ್ಟಿಯಲ್ಲಿದ್ದ ಹಲವು ಯಂತ್ರಗಳು ಆ ಕೋಣೆಯಲ್ಲಿರಲಿಲ್ಲ. ಕೋಣೆಯಲ್ಲಿ ದೀಪ ಮಿನುಗಿಸುತ್ತಿದ್ದ ಹಲವು ಯಂತ್ರಗಳು ಪಟ್ಟಿಯಲ್ಲಿರಲಿಲ್ಲ. ಬಳಕೆಯ ಅಂಕಣದಲ್ಲಿ ಎರಡು ಕಡೆ ‘ಹಳೆಯದು, ತೆಗೆಯಬೇಡಿ’ ಎಂದಷ್ಟೇ ಬರೆದಿತ್ತು. ಯಾರು ಬರೆದದ್ದು, ಏಕೆ ತೆಗೆಯಬಾರದು ಎಂದು ಹೇಳಬಲ್ಲವರು ಕಚೇರಿಯಲ್ಲಿ ಯಾರೂ ಉಳಿದಿರಲಿಲ್ಲ.

ಇಂಥ ವ್ಯವಸ್ಥೆಯನ್ನು ವಹಿಸಿಕೊಂಡವರಿಗೆ ಮೊದಲ ವಾರದಲ್ಲೇ ಕೈ ತುರಿಸುತ್ತದೆ. ಕಣ್ಣಿಗೆ ಬಿದ್ದ ಪ್ರತಿಯೊಂದು ಅಧ್ವಾನವನ್ನೂ ಆಗಿಂದಾಗಲೇ ಸರಿಪಡಿಸಬೇಕೆನಿಸುತ್ತದೆ. ಆ ಆಸೆಯನ್ನು ತಡೆದುಕೊಳ್ಳಿ ಎಂದು ಹೇಳಲಿಕ್ಕಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ. ಒಂದು ಯಂತ್ರವನ್ನು ಕಿತ್ತುಹಾಕುವ ಅಧಿಕಾರ ನಮ್ಮ ಹುದ್ದೆಯಿಂದ ಬರುವುದಿಲ್ಲ. ಅದು ಏನು ಮಾಡುತ್ತಿದೆ, ಯಾರಿಗಾಗಿ ಮಾಡುತ್ತಿದೆ, ನಿಂತರೆ ಮತ್ತೆ ನಡೆಸುವುದು ಹೇಗೆ ಎಂದು ತಿಳಿದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಸಿಕ್ಕುಬಿದ್ದ ನೂಲನ್ನು ಎಳೆದಂತೆ; ಎಳೆದಷ್ಟೂ ಗಂಟು ಬಿಗಿಯುತ್ತದೆ.

ಆದ್ದರಿಂದ ನಾನು ಮೊದಲು ಕೈಹಾಕಿದ್ದು ಬ್ಯಾಕಪ್‌ಗೆ, ಅಂದರೆ ದತ್ತಾಂಶ ಹಾಳಾದರೆ ಮರಳಿ ಪಡೆಯಲೆಂದು ತೆಗೆದಿಡುವ ನಕಲಿಗೆ. ಬ್ಯಾಕಪ್ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಅದರಿಂದ ದತ್ತಾಂಶವನ್ನು ಕೊನೆಯ ಸಲ ಮರಳಿ ಪಡೆದು ನೋಡಿದ್ದು ಯಾವಾಗ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ನಮ್ಮಲ್ಲಿ ಪ್ರತಿ ರಾತ್ರಿ ಬ್ಯಾಕಪ್ ನಡೆಯುತ್ತಿತ್ತು, ಬೆಳಿಗ್ಗೆ ‘ಯಶಸ್ವಿ’ ಎಂಬ ಇಮೇಲ್ ತಪ್ಪದೆ ಬರುತ್ತಿತ್ತು. ಆ ಕಡತಗಳಿದ್ದ ಫೋಲ್ಡರ್ ತೆರೆದು ಗಾತ್ರದ ಅಂಕಣವನ್ನು ಮೇಲಿನಿಂದ ಕೆಳಗೆ ಓದಿದೆ. ಬೇರೆ ಬೇರೆ ದಿನಗಳ ಕಡತಗಳು ಒಂದು ಬೈಟ್ ಕೂಡ ಹೆಚ್ಚುಕಡಿಮೆಯಿಲ್ಲದೆ ಒಂದೇ ಗಾತ್ರದಲ್ಲಿದ್ದವು. ದಿನವೂ ನೂರಾರು ನಮೂದುಗಳು ಸೇರುವ ಡೇಟಾಬೇಸ್ ಹಾಗಿರಲು ಸಾಧ್ಯವಿಲ್ಲ. ಬೇರೊಂದು ಯಂತ್ರದಲ್ಲಿ ಆ ಕಡತವನ್ನು ಬಿಡಿಸಿ, ಕೊನೆಯ ನಮೂದಿನ ದಿನಾಂಕ ಹುಡುಕಿದಾಗ ವಿಷಯ ತಿಳಿಯಿತು. ಡೇಟಾಬೇಸನ್ನು ಹೊಸ ಸರ್ವರ್‌ಗೆ ಸ್ಥಳಾಂತರಿಸಿ ವರ್ಷದ ಮೇಲಾಗಿತ್ತು. ಬ್ಯಾಕಪ್ ಸ್ಕ್ರಿಪ್ಟಿಗೆ, ಅಂದರೆ ನಕಲನ್ನು ತಾನಾಗಿ ತೆಗೆಯುವ ಪುಟ್ಟ ಪ್ರೋಗ್ರಾಂಗೆ, ಅದನ್ನು ಯಾರೂ ಹೇಳಿರಲಿಲ್ಲ. ಹಳೆಯ ಸರ್ವರ್‌ನಲ್ಲಿ ಉಳಿದುಹೋಗಿದ್ದ, ಯಾರೂ ಬರೆಯದ ಪ್ರತಿಯನ್ನೇ ಅದು ರಾತ್ರಿಯಿಂದ ರಾತ್ರಿಗೆ ನಿಷ್ಠೆಯಿಂದ ನಕಲು ಮಾಡುತ್ತಿತ್ತು. ಇಮೇಲ್ ಹೇಳಿದ್ದು ಸುಳ್ಳೂ ಆಗಿರಲಿಲ್ಲ; ವಹಿಸಿದ ಕೆಲಸ ನಿಜಕ್ಕೂ ಯಶಸ್ವಿಯಾಗಿ ಮುಗಿಯುತ್ತಿತ್ತು. ಆ ಒಂದು ವರ್ಷದಲ್ಲಿ ಹೊಸ ಸರ್ವರ್‌ನ ಡಿಸ್ಕ್ ಕೆಟ್ಟಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ನನಗೆ ಎದೆ ಧಸಕ್ಕೆನ್ನುತ್ತದೆ.

ಇದು ಸಣ್ಣ ಸಂಸ್ಥೆಗಳ ರೋಗ ಎಂದುಕೊಳ್ಳುವುದು ಬೇಡ. 2017ರ ಜನವರಿ 31ರಂದು ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ನಕಲು ಸರ್ವರ್‌ನಲ್ಲಿ ಅಳಿಸಬೇಕಿದ್ದ ಡೇಟಾಬೇಸ್ ಫೋಲ್ಡರನ್ನು ಮುಖ್ಯ ಸರ್ವರ್‌ನಲ್ಲೇ ಅಳಿಸಿದರು. ತಕ್ಷಣ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿಯಷ್ಟು. ಬ್ಯಾಕಪ್ ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ: ಡೇಟಾಬೇಸ್ 9.6ನೇ ಆವೃತ್ತಿಯದು, ನಕಲು ತೆಗೆಯುವ ಪ್ರೋಗ್ರಾಂ 9.2ನೇ ಆವೃತ್ತಿಯದು, ಹೊಂದಿಕೆಯಾಗದೆ ಅದು ಪ್ರತಿದಿನವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ಹೋಗಬೇಕಿದ್ದ ಇಮೇಲ್‌ಗಳನ್ನು ಅಂಚೆ ಸರ್ವರ್ ಸಹಿಯಿಲ್ಲವೆಂದು ತಿರಸ್ಕರಿಸುತ್ತಿತ್ತು. ಅದೃಷ್ಟಕ್ಕೆ ಸುಮಾರು ಆರು ಗಂಟೆ ಹಿಂದೆ ಬೇರೆ ಉದ್ದೇಶಕ್ಕೆ ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿತು. ಅವರು ಇದೆಲ್ಲವನ್ನೂ ಮುಚ್ಚಿಡದೆ ಬರೆದು ಪ್ರಕಟಿಸಿದರು. ಆ ವರದಿಯನ್ನು ನಾನು ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಓದಲು ಕೊಡುತ್ತೇನೆ.

ಸರಿಯಾದ ಡೇಟಾಬೇಸಿನತ್ತ ಸ್ಕ್ರಿಪ್ಟನ್ನು ತಿರುಗಿಸುವುದು ಸುಲಭದ ಕೆಲಸ. ಅದಾದ ಮೇಲೆ, ದತ್ತಾಂಶದ ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ಹಳೆಯ ನಿಯಮವನ್ನು ಪಾಲಿಸಿದೆ. ಬೇರೆ ಜಾಗದ ಪ್ರತಿಯನ್ನು ನೆಟ್‌ವರ್ಕಿನಿಂದ ಬಿಡಿಸಿಟ್ಟೆ, ಏಕೆಂದರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ವೈರಸ್‌ಗಳು ಮೊದಲು ಹುಡುಕುವುದೇ ಬ್ಯಾಕಪ್ ಇರುವ ಜಾಗವನ್ನು. ಆಮೇಲೆ ಒಂದು ಖಾಲಿ ಯಂತ್ರವನ್ನು ತೆಗೆದುಕೊಂಡು, ಬ್ಯಾಕಪ್‌ನಿಂದ ಮಾತ್ರ ಇಡೀ ವ್ಯವಸ್ಥೆಯನ್ನು ಮೇಲೆಬ್ಬಿಸಿ, ಲೆಕ್ಕಪತ್ರ ವಿಭಾಗದವರನ್ನು ಕರೆದು ಅವರ ಕೈಯಲ್ಲೇ ಹಿಂದಿನ ದಿನದ ನಮೂದುಗಳನ್ನು ಪರಿಶೀಲನೆ ಮಾಡಿಸಿದೆ. ಈ ಕೊನೆಯ ಹೆಜ್ಜೆಯನ್ನು ಬಿಡಬಾರದು. ಡೇಟಾಬೇಸ್ ತೆರೆದುಕೊಂಡಿತೆಂದು ನಾನು ಹೇಳಬಲ್ಲೆ. ಅದರೊಳಗಿನ ಲೆಕ್ಕ ಸರಿಯಿದೆ ಎಂದು ಹೇಳಬೇಕಾದವರು ಆ ಲೆಕ್ಕವನ್ನು ದಿನವೂ ಬರೆಯುವವರು.

ಇದೇ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಒಂದು ಸರ್ವರ್‌ನ ಮುಂಭಾಗದಲ್ಲಿ ಉರಿಯುತ್ತಿದ್ದ ಕಿತ್ತಳೆ ಬಣ್ಣದ ದೀಪ. ‘ಅದು ಮೊದಲಿನಿಂದಲೂ ಹಾಗೇ ಇದೆ’ ಎಂದರು. ಅದು ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್ 5 ವ್ಯವಸ್ಥೆ; ಒಂದು ಡಿಸ್ಕ್ ಸತ್ತರೂ ಉಳಿದವುಗಳಿಂದ ಕೆಲಸ ನಡೆಯುತ್ತದೆ, ಎರಡನೆಯದು ಸತ್ತರೆ ಎಲ್ಲವೂ ಹೋಗುತ್ತದೆ. ಒಂದು ಆಗಲೇ ಸತ್ತಿತ್ತು. ಹೊಸ ಡಿಸ್ಕ್ ತಂದು ಸಿಕ್ಕಿಸಬೇಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಹೊಸ ಡಿಸ್ಕ್ ಹಾಕಿದೊಡನೆ ಅದನ್ನು ತುಂಬಿಸಲು ಉಳಿದ ಡಿಸ್ಕ್‌ಗಳನ್ನು ಆರಂಭದಿಂದ ಅಂತ್ಯದವರೆಗೆ ಓದಬೇಕಾಗುತ್ತದೆ. ಅವೂ ಅದೇ ವಯಸ್ಸಿನವು, ಬಹುಶಃ ಒಂದೇ ಪೆಟ್ಟಿಗೆಯಲ್ಲಿ ಬಂದವು. ದುರಸ್ತಿಯ ನಡುವೆಯೇ ಎರಡನೆಯದು ಕೈಕೊಡುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಾಗಿ ಮೊದಲು ಅದರಲ್ಲಿದ್ದ ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿ, ಆ ನಕಲು ತೆರೆದುಕೊಳ್ಳುತ್ತದೆಂದು ಖಚಿತಪಡಿಸಿಕೊಂಡು, ಆಮೇಲೆ ಡಿಸ್ಕ್ ಬದಲಿಸಿದೆವು.

ಇನ್ನು ಲೆಕ್ಕ ತೆಗೆಯುವ ಕೆಲಸ. ಇದು ನನಗೆ ಅತ್ಯಂತ ಪ್ರಿಯವಾದ ಭಾಗ. ಯಾವ ಪಟ್ಟಿಯನ್ನೂ ನಂಬದೆ, ನೆಟ್‌ವರ್ಕನ್ನೇ ಕೇಳಬೇಕು. ಇಡೀ ಕಚೇರಿ ಒಂದೇ ಸಬ್‌ನೆಟ್‌ನಲ್ಲಿ, ಅಂದರೆ ನೆಟ್‌ವರ್ಕಿನ ಒಂದೇ ವಿಭಾಗದಲ್ಲಿ, ಇತ್ತು: 254 ವಿಳಾಸಗಳು, ಅವುಗಳಲ್ಲಿ ಸರ್ವರ್, ಪ್ರಿಂಟರ್, ಕ್ಯಾಮೆರಾ, ಅತಿಥಿಗಳ ಮೊಬೈಲ್ ಎಲ್ಲವೂ ಒಟ್ಟಿಗೆ. ಎನ್‌ಮ್ಯಾಪ್ ಎಂಬ ಉಪಕರಣದಿಂದ ಒಂದೊಂದೇ ವಿಳಾಸವನ್ನು ತಟ್ಟಿ, ಯಾರಿದ್ದೀರಿ, ಯಾವ ಪೋರ್ಟ್ (ಸಂಪರ್ಕದ ಬಾಗಿಲು) ತೆರೆದಿದ್ದೀರಿ ಎಂದು ವಿಚಾರಿಸಬಹುದು. ಇದನ್ನು ನಿಧಾನವಾಗಿ, ಕೆಲಸದ ಹೊತ್ತಿನ ಹೊರಗೆ ಮಾಡಬೇಕು. ಹಳೆಯ ಪ್ರಿಂಟರ್‌ಗಳು ಮತ್ತು ಸಣ್ಣ ನಿಯಂತ್ರಣ ಸಾಧನಗಳು ರಭಸದ ವಿಚಾರಣೆಯನ್ನು ತಾಳದೆ ಸ್ತಬ್ಧವಾಗುವುದುಂಟು. ಆ ಫಲಿತಾಂಶವನ್ನು ವಿಳಾಸ ಹಂಚುವ ಸರ್ವರ್‌ನ ದಾಖಲೆ, ಹೆಸರುಗಳ ಸರ್ವರ್‌ನ ದಾಖಲೆ, ಕೇಬಲ್‌ಗಳನ್ನು ಜೋಡಿಸುವ ಸ್ವಿಚ್‌ಗಳಲ್ಲಿನ ಮ್ಯಾಕ್ ವಿಳಾಸಗಳ (ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತುಗಳ) ಕೋಷ್ಟಕ ಇವುಗಳೊಂದಿಗೆ ಹೋಲಿಸಿದರೆ ಯಾವ ಯಂತ್ರ ಯಾವ ಸ್ವಿಚ್‌ನ ಯಾವ ರಂಧ್ರದಲ್ಲಿದೆ ಎಂದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಕೇಬಲ್ ಹಿಡಿದು ನಡೆಯುವುದೇ ದಾರಿ.

ಹೀಗೆ ನಡೆದಾಗ ಸಿಕ್ಕಿದ ಒಂದು ಯಂತ್ರದ ಬಗ್ಗೆ ಹೇಳಲೇಬೇಕು. ಅದರ ವಿಳಾಸ ಯಾವ ಪಟ್ಟಿಯಲ್ಲೂ ಇರಲಿಲ್ಲ, ಆದರೂ ರಾತ್ರಿ ಹೊತ್ತು ಡೇಟಾಬೇಸಿನ ಜೊತೆ ಮಾತಾಡುತ್ತಿತ್ತು. ಕೇಬಲ್ ಗೋಡೆಯೊಳಗೆ ಹೋಗಿ, ಹಳೆಯ ಕಡತಗಳನ್ನಿಟ್ಟ ಕಪಾಟಿನ ಹಿಂದೆ ಹೊರಬಂದಿತ್ತು. ಅಲ್ಲಿ ಧೂಳು ಕವಿದ ಒಂದು ಸಾಧಾರಣ ಡೆಸ್ಕ್‌ಟಾಪ್, ಮಾನಿಟರ್ ಇಲ್ಲದೆ ಓಡುತ್ತಿತ್ತು. ಅದರ ಮೇಲೆ ಅಂಟಿಸಿದ್ದ ಚೀಟಿಯ ಶಾಯಿ ಮಾಸಿಹೋಗಿತ್ತು. ಹಿಂದೆ ಈ ಹುದ್ದೆಯಲ್ಲಿದ್ದವರಿಗೆ ದೂರವಾಣಿ ಮಾಡಿದೆ.

‘ಸರ್, ಕಪಾಟಿನ ಹಿಂದಿನ ಯಂತ್ರ ಏನು ಮಾಡುತ್ತದೆ, ನಿಮಗೆ ನೆನಪಿದೆಯೇ?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಇನ್ನೂ ಓಡುತ್ತಿದೆಯೇ?’ ಎಂದರು. ‘ತಿಂಗಳ ಕೊನೆಯಲ್ಲಿ ಸಂಬಳದ ಕಡತವನ್ನು ಬ್ಯಾಂಕಿನ ನಮೂನೆಗೆ ಪರಿವರ್ತಿಸಲು ಒಂದು ಪ್ರೋಗ್ರಾಂ ಬೇಕಿತ್ತು. ಅದು ಹೊಸ ಸರ್ವರ್‌ನಲ್ಲಿ ನಡೆಯಲಿಲ್ಲ. ನಾಳೆ ಸಂಬಳ ಆಗಬೇಕೆಂದರು. ನನ್ನ ಮೇಜಿನ ಯಂತ್ರವನ್ನೇ ಅಲ್ಲಿಟ್ಟೆ. ಆಮೇಲೆ ಸರಿಯಾದ ಸರ್ವರ್‌ಗೆ ಹಾಕೋಣ ಎಂದುಕೊಂಡಿದ್ದೆ. ದಯವಿಟ್ಟು ತಿಂಗಳ ಕೊನೆಗೆ ಮೊದಲು ಅದನ್ನು ಮುಟ್ಟಬೇಡಿ.’

ಆ ಮಾತುಕತೆ ನನ್ನ ಇಡೀ ಧೋರಣೆಯನ್ನು ಗಟ್ಟಿಗೊಳಿಸಿತು. ಆಚೆ ಬದಿಯಲ್ಲಿದ್ದವರು ಸೋಮಾರಿಯಲ್ಲ, ದಡ್ಡರೂ ಅಲ್ಲ. ಮೂವರು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದವರು. ನೂರಾರು ಜನರ ಸಂಬಳ ಒಂದು ದಿನವೂ ತಡವಾಗದಂತೆ ನೋಡಿಕೊಂಡವರು. ತಾತ್ಕಾಲಿಕವಾಗಿ ಮಾಡಿದ್ದನ್ನು ಸರಿಪಡಿಸಲು ಬೇಕಾದ ಬಿಡುವನ್ನು ಯಾರೂ ಅವರಿಗೆ ಕೊಡಲಿಲ್ಲ. ಕೆಲಸ ವಹಿಸಿಕೊಂಡ ಹೊಸಬರು ಹಳಬರನ್ನು ಹಳಿಯುವುದನ್ನು ನಾನು ಬಹಳ ಕಡೆ ಕೇಳಿದ್ದೇನೆ. ಅದು ಅನ್ಯಾಯ ಎನ್ನುವುದರ ಜೊತೆಗೆ ದುಬಾರಿಯೂ ಹೌದು: ಹಳಿಸಿಕೊಂಡವರು ಮುಂದಿನ ಸಲ ಫೋನ್ ಎತ್ತುವುದಿಲ್ಲ. ಅವರ ತಲೆಯಲ್ಲಿರುವ ನಕ್ಷೆ ಬೇರೆಲ್ಲೂ ಇಲ್ಲ. ಅವರು ಆಮೇಲೆ ಒಂದು ಭಾನುವಾರ ತಾವಾಗಿಯೇ ಕರೆಮಾಡಿ, ನೆನಪಾದದ್ದನ್ನೆಲ್ಲ ಹೇಳುತ್ತಾ ಹೋದರು. ನಾನು ಬರೆದುಕೊಳ್ಳುತ್ತಾ ಹೋದೆ. ‘ಹಳೆಯದು, ತೆಗೆಯಬೇಡಿ’ ಎಂದು ಬರೆದಿದ್ದ ಎರಡು ಯಂತ್ರಗಳಲ್ಲಿ ಒಂದನ್ನು ತೆಗೆಯಬಹುದೆಂದು ಗೊತ್ತಾದದ್ದು ಆ ದಿನವೇ.

ಯಂತ್ರಗಳ ಲೆಕ್ಕ ಸಿಕ್ಕರೂ ಅವುಗಳೊಳಗೆ ನಿಗದಿತ ಹೊತ್ತಿಗೆ ತಾವಾಗಿಯೇ ಏಳುವ ಕೆಲಸಗಳ ಲೆಕ್ಕ ಬೇರೆ. ಲಿನಕ್ಸ್‌ನಲ್ಲಿ ಇಂಥ ಕೆಲಸಗಳು ಒಂದೇ ಕಡೆ ಇರುವುದಿಲ್ಲ: ಇಡೀ ಯಂತ್ರಕ್ಕೆ ಸೇರಿದ ಕ್ರಾನ್ (ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಎಬ್ಬಿಸುವ ವ್ಯವಸ್ಥೆ) ಕೆಲಸಗಳು ಒಂದು ಕಡೆ, ಪ್ರತಿಯೊಬ್ಬ ಬಳಕೆದಾರರವು ಇನ್ನೊಂದು ಕಡೆ, ಅದೇ ಕೆಲಸ ಮಾಡುವ ಸಿಸ್ಟಂಡಿ ಎಂಬ ಇನ್ನೊಂದು ವ್ಯವಸ್ಥೆಯ ಟೈಮರ್‌ಗಳು ಮತ್ತೊಂದು ಕಡೆ. ಕೆಲಸ ಬಿಟ್ಟುಹೋದವರ ಖಾತೆಯಲ್ಲಿ ಈಗಲೂ ಓಡುತ್ತಿದ್ದ ಸ್ಕ್ರಿಪ್ಟ್‌ಗಳು ಕಂಡವು. ಆ ಖಾತೆಗಳನ್ನು ಭದ್ರತೆಯ ಹೆಸರಿನಲ್ಲಿ ಮೊದಲ ದಿನವೇ ಅಳಿಸಿದ್ದರೆ ಎಷ್ಟು ವರದಿಗಳು ಸದ್ದಿಲ್ಲದೆ ನಿಲ್ಲುತ್ತಿದ್ದವು!

ಪಾಸ್‌ವರ್ಡ್‌ಗಳ ಕಥೆಯೂ ಹೀಗೆಯೇ. ಎಲ್ಲ ವಿಂಡೋಸ್ ಸರ್ವರ್‌ಗಳಿಗೂ ಒಂದೇ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್. ಅದು ಕೆಲಸ ಬಿಟ್ಟವರಿಗೆ, ಹೊರಗಿನ ಗುತ್ತಿಗೆದಾರರಿಗೆ, ಯಾರುಯಾರಿಗೋ ಗೊತ್ತಿತ್ತು. ತಕ್ಷಣ ಬದಲಿಸಬೇಕಾದ ವಿಷಯವೇ. ಆದರೆ ಆ ಖಾತೆಯ ಹೆಸರಿನಲ್ಲಿ ಎಷ್ಟು ಸೇವೆಗಳು ಲಾಗಿನ್ ಆಗುತ್ತಿವೆ ಎಂದು ತಿಳಿಯದೆ ಬದಲಿಸಿದರೆ ಅವೆಲ್ಲವೂ ಒಟ್ಟಿಗೆ ನಿಲ್ಲುತ್ತವೆ. ವಿಂಡೋಸ್‌ನ ಭದ್ರತಾ ಲಾಗ್‌ನಲ್ಲಿ 4624 ಎಂಬ ಸಂಖ್ಯೆಯ ನಮೂದು ಪ್ರತಿ ಯಶಸ್ವಿ ಲಾಗಿನ್ನನ್ನು ದಾಖಲಿಸುತ್ತದೆ. ಅದರಲ್ಲಿ ಲಾಗಿನ್ನಿನ ಬಗೆಯೂ ಇರುತ್ತದೆ: 4 ಎಂದರೆ ನಿಗದಿತ ಹೊತ್ತಿನ ಕೆಲಸ, 5 ಎಂದರೆ ಸೇವೆ. ಈ ಎರಡನ್ನು ಸೋಸಿ ತೆಗೆದರೆ ಬದಲಿಸುವ ಮೊದಲು ಯಾವ ಯಾವ ಕಡೆ ಕೈಯಾಡಿಸಬೇಕೆಂಬ ಪಟ್ಟಿ ಸಿದ್ಧ. ನಾವು ಒಂದೊಂದು ಸೇವೆಗೂ ಅದಕ್ಕೆ ಬೇಕಾದಷ್ಟೇ ಅನುಮತಿಯಿರುವ ಪ್ರತ್ಯೇಕ ಖಾತೆ ಮಾಡಿ, ಕೊನೆಯಲ್ಲಿ ಆ ಹಳೆಯ ಪಾಸ್‌ವರ್ಡನ್ನು ಬದಲಿಸಿದೆವು. ಲಿನಕ್ಸ್ ಯಂತ್ರಗಳಲ್ಲಿ ದೂರದಿಂದ ಪಾಸ್‌ವರ್ಡ್ ಇಲ್ಲದೆ ಒಳಬರಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳನ್ನೂ ನೋಡಬೇಕು. ಪಾಸ್‌ವರ್ಡ್ ಬದಲಾದರೂ ಹಳೆಯ ಕೀಲಿ ಬಾಗಿಲು ತೆರೆಯುತ್ತಲೇ ಇರುತ್ತದೆ.

ಸಂಸ್ಥೆಯ ಡೊಮೈನ್ ಹೆಸರು (ಇಂಟರ್ನೆಟ್ ವಿಳಾಸ) ಕೆಲಸ ಬಿಟ್ಟುಹೋದ ಒಬ್ಬರ ಖಾಸಗಿ ಇಮೇಲ್‌ನಲ್ಲಿ ನೋಂದಣಿಯಾಗಿತ್ತು. ನವೀಕರಣದ ನೆನಪೋಲೆಗಳು ಅವರಿಗೇ ಹೋಗುತ್ತಿದ್ದವು. ಅವರು ಸಜ್ಜನರು, ಕೇಳಿದ ದಿನವೇ ವರ್ಗಾಯಿಸಿಕೊಟ್ಟರು. ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲ. ಯಾವುದೇ ವ್ಯವಸ್ಥೆ ವಹಿಸಿಕೊಂಡರೂ ಇದನ್ನು ಮೊದಲ ವಾರದಲ್ಲೇ ನೋಡಿ. ಜಾಲತಾಣ ಅಸಲಿಯೆಂದು ಬ್ರೌಸರಿಗೆ ತೋರಿಸುವ ವೆಬ್ ಸರ್ಟಿಫಿಕೇಟ್‌ಗಳನ್ನು ಕ್ಯಾಲೆಂಡರ್ ನೋಡಿ ಕೈಯಾರೆ ನವೀಕರಿಸುವ ಪದ್ಧತಿಯೂ ಹೋಗಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಉಚಿತ ಸರ್ಟಿಫಿಕೇಟ್‌ಗಳ ಅವಧಿ ರೂಢಿಯಲ್ಲಿ 90 ದಿನ. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿಯನ್ನು ಹಂತಹಂತವಾಗಿ ಇಳಿಸಿ 2029ರ ಮಾರ್ಚ್ ವೇಳೆಗೆ 47 ದಿನಕ್ಕೆ ತರಲು ಬ್ರೌಸರ್ ತಯಾರಕರೂ ಸರ್ಟಿಫಿಕೇಟ್ ನೀಡುವವರೂ 2025ರಲ್ಲಿ ಒಪ್ಪಿದ್ದಾರೆ. ಆ ವೇಗದಲ್ಲಿ ಮನುಷ್ಯರ ನೆನಪು ಕೆಲಸಕ್ಕೆ ಬಾರದು. ಈಗಲೇ ಸ್ವಯಂಚಾಲಿತ ಮಾಡಿಬಿಡುವುದು ಲೇಸು.

ಕೆಲವರು ಸರ್ವರ್ ವರ್ಷಗಟ್ಟಲೆ ಮರುಚಾಲನೆಯಿಲ್ಲದೆ ಓಡಿದೆ ಎಂದು ಹೆಮ್ಮೆಪಡುತ್ತಾರೆ. ನನಗೆ ಆ ಸಂಖ್ಯೆ ಕಂಡರೆ ಭಯವಾಗುತ್ತದೆ. ಅಷ್ಟು ಕಾಲ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಹಳೆಯದೇ ಇದೆ ಎಂಬುದು ಒಂದು. ಅದಕ್ಕಿಂತ ದೊಡ್ಡದು, ಯಾರೋ ಎಂದೋ ಕೈಯಾರೆ ಕೊಟ್ಟ ಆದೇಶಗಳು ಮೆಮೊರಿಯಲ್ಲಿ ಮಾತ್ರ ಬದುಕಿರಬಹುದು ಎಂಬುದು: ಕಡತದಲ್ಲಿ ಬರೆದಿಡದ ಫೈರ್‌ವಾಲ್ (ಯಾವ ಸಂಪರ್ಕವನ್ನು ಬಿಡಬೇಕೆಂದು ನೋಡುವ ಕಾವಲು) ನಿಯಮ, ಸೇರಿಸಿ ಮರೆತ ಒಂದು ನೆಟ್‌ವರ್ಕ್ ದಾರಿ, ಜೋಡಿಸಿದ ಒಂದು ಡಿಸ್ಕ್, ಕೈಯಿಂದ ಆರಂಭಿಸಿದ ಒಂದು ಪ್ರೋಗ್ರಾಂ. ಮರುಚಾಲನೆಯಾದ ಕ್ಷಣ ಇವೆಲ್ಲ ಮಾಯ. ಆದ್ದರಿಂದ ಅಂಥ ಸರ್ವರನ್ನು ನಿಲ್ಲಿಸುವ ಮೊದಲು ಅದರ ಸದ್ಯದ ಸ್ಥಿತಿಯನ್ನು ಪೂರ್ತಿ ಬರೆದಿಟ್ಟುಕೊಳ್ಳಬೇಕು. ಓಡುತ್ತಿರುವ ಪ್ರಕ್ರಿಯೆಗಳು, ತೆರೆದ ಪೋರ್ಟ್‌ಗಳು, ಫೈರ್‌ವಾಲ್ ನಿಯಮಗಳು, ದಾರಿಗಳ ಕೋಷ್ಟಕ, ಜೋಡಿಸಿದ ಡಿಸ್ಕ್‌ಗಳು, ಇಷ್ಟನ್ನೂ ಕಡತಗಳಲ್ಲಿ ಉಳಿಸಿ, ಮರುಚಾಲನೆಯ ನಂತರ ಮತ್ತೆ ಅದೇ ಪಟ್ಟಿ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ನಮ್ಮ ಅಂಚೆ ಸರ್ವರ್‌ನಲ್ಲಿ ಹೀಗೆ ನೋಡಿದಾಗ ಎರಡು ಫೈರ್‌ವಾಲ್ ನಿಯಮಗಳು ಕಾಣೆಯಾಗಿದ್ದವು. ಒಂದನ್ನು ಮರಳಿ ಹಾಕಿ ಶಾಶ್ವತಗೊಳಿಸಿದೆವು. ಇನ್ನೊಂದು, ಎಂದೋ ಮುಗಿದ ಕೆಲಸವೊಂದಕ್ಕೆ ಹೊರಗಿನವರಿಗಾಗಿ ತೆರೆದಿಟ್ಟ ಬಾಗಿಲು. ಅದನ್ನು ಮರಳಿ ಹಾಕಲಿಲ್ಲ.

ಆರಿಸುವುದಕ್ಕೂ ಒಂದು ಕ್ರಮವಿದೆ. ಯಾರಿಗೂ ಬೇಡವೆನಿಸಿದ ಯಂತ್ರವನ್ನು ಆರಿಸಿ, ಯಾರು ಕೂಗುತ್ತಾರೆಂದು ಕಾಯುವುದು ಈ ವೃತ್ತಿಯಲ್ಲಿ ಹಳೆಯ ಉಪಾಯ. ನಾನು ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಕೆಲವು ವಾರ ಅದರ ಜೊತೆ ಯಾರು ಮಾತಾಡುತ್ತಾರೆಂದು ಫೈರ್‌ವಾಲ್‌ನಲ್ಲಿ ದಾಖಲಿಸುತ್ತೇನೆ. ಯಾರೂ ಇಲ್ಲವೆಂದು ಕಂಡರೆ ನೆಟ್‌ವರ್ಕ್ ಕೇಬಲನ್ನು ಮಾತ್ರ ತೆಗೆಯುತ್ತೇನೆ, ವಿದ್ಯುತ್ತನ್ನು ತೆಗೆಯುವುದಿಲ್ಲ. ವರ್ಷಗಟ್ಟಲೆ ತಿರುಗಿದ ಡಿಸ್ಕ್ ಒಮ್ಮೆ ತಣ್ಣಗಾಗಿ ನಿಂತರೆ ಮತ್ತೆ ತಿರುಗುತ್ತದೆಂಬ ಭರವಸೆಯಿಲ್ಲ. ಕೇಬಲ್ ತೆಗೆದದ್ದಾದರೆ ದೂರು ಬಂದ ನಿಮಿಷದಲ್ಲೇ ಮರಳಿ ಸಿಕ್ಕಿಸಬಹುದು. ತಿಂಗಳ ಕೊನೆ, ತ್ರೈಮಾಸಿಕದ ಕೊನೆ, ಸಾಧ್ಯವಾದರೆ ಲೆಕ್ಕವರ್ಷದ ಕೊನೆ ಕಳೆಯುವವರೆಗೆ ಅದು ಹಾಗೆಯೇ ಇರುತ್ತದೆ. ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ವರದಿಗಳಿರುತ್ತವೆ. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರನ್ನು ಕೇಳಿದಾಗ, ‘ಅದು ನಮಗೆ ಬೇಡವೇ ಬೇಡ, ತೆಗೆದುಬಿಡಿ’ ಎಂದಿದ್ದರು. ಲೆಕ್ಕಪರಿಶೋಧಕರು ಬಂದ ವಾರ ಅವರೇ ಓಡಿಬಂದು, ‘ಮೇಡಂ, ಹಳೆಯ ವರ್ಷದ ರಸೀದಿಗಳು ಎಲ್ಲಿ ಸಿಗುತ್ತವೆ?’ ಎಂದರು. ಕೇಬಲ್ ಸಿಕ್ಕಿಸಿ ಕೊಟ್ಟೆ. ಆ ರಸೀದಿಗಳನ್ನೆಲ್ಲ ಓದಲು ಮಾತ್ರ ಸಾಧ್ಯವಿರುವ ಒಂದು ಜಾಗಕ್ಕೆ ನಕಲು ಮಾಡಿದ ಮೇಲೆಯೇ ಆ ಯಂತ್ರಕ್ಕೆ ವಿದಾಯ.

ಕಾಲ ಮುಗಿದ ಆಪರೇಟಿಂಗ್ ಸಿಸ್ಟಂಗಳು ಬೇಕಾದಷ್ಟಿದ್ದವು. ಲಿನಕ್ಸ್‌ನ ಒಂದು ರೂಪವಾದ ಸೆಂಟ್‌ಒಎಸ್ 6ಕ್ಕೆ ನವೀಕರಣ ನಿಂತದ್ದು 2020ರ ನವೆಂಬರ್ 30ಕ್ಕೆ, ಸೆಂಟ್‌ಒಎಸ್ 7ಕ್ಕೆ 2024ರ ಜೂನ್ 30ಕ್ಕೆ. ವಿಂಡೋಸ್ ಸರ್ವರ್ 2008 ಆರ್2ರ ವಿಸ್ತೃತ ಬೆಂಬಲ ಮುಗಿದದ್ದು 2020ರ ಜನವರಿ 14ಕ್ಕೆ. ಇವುಗಳನ್ನು ಬದಲಿಸಬೇಕೆಂದು ಆಡಳಿತದವರಿಗೆ ಹೇಳಿದರೆ, ‘ಚೆನ್ನಾಗಿಯೇ ಓಡುತ್ತಿವೆಯಲ್ಲ?’ ಎಂಬ ಉತ್ತರ ಬರುತ್ತದೆ. ದೋಷಗಳ ಪಟ್ಟಿ ತೋರಿಸಿ ಪ್ರಯೋಜನವಿಲ್ಲ, ಅವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನಾನು ವನ್ನಾಕ್ರೈ ಎಂಬ ಸುಲಿಗೆ ವೈರಸ್‌ನ ಉದಾಹರಣೆ ಕೊಟ್ಟೆ. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪರಿಹಾರ ಬಿಡುಗಡೆ ಮಾಡಿತ್ತು. ದಾಳಿ ನಡೆದದ್ದು ಮೇ 12ರಂದು. ಸುಮಾರು ಎರಡು ತಿಂಗಳ ಆ ಅವಕಾಶದಲ್ಲಿ ನವೀಕರಿಸದವರ ಯಂತ್ರಗಳು ಬೀಗ ಹಾಕಿಸಿಕೊಂಡವು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳು ರೋಗಿಗಳ ಭೇಟಿಗಳನ್ನು ರದ್ದುಪಡಿಸಬೇಕಾಯಿತು. ನಮ್ಮಲ್ಲಿ ಇಂಥದ್ದು ಆದರೆ ಯಾವ ವಿಭಾಗದ ಯಾವ ಕೆಲಸ ಎಷ್ಟು ದಿನ ನಿಲ್ಲುತ್ತದೆಂದು ಒಂದು ಪುಟದಲ್ಲಿ ಬರೆದುಕೊಟ್ಟೆ. ಹಣ ಮಂಜೂರಾಯಿತು.

ಆ ದಾಳಿ ಹರಡಿದ್ದು ಎಸ್‌ಎಂಬಿ 1 ಎಂಬ ಹಳೆಯ ಕಡತ ಹಂಚಿಕೆಯ ವಿಧಾನದ ಮೂಲಕ. ಅದನ್ನು ಎಲ್ಲ ಕಡೆ ನಿಲ್ಲಿಸಹೊರಟರೆ ಅಡ್ಡಬಂದದ್ದು ಒಂದು ಸ್ಕ್ಯಾನರ್. ದಾಖಲೆಗಳನ್ನು ಸ್ಕ್ಯಾನ್ ಮಾಡಿ ಸರ್ವರ್‌ನ ಫೋಲ್ಡರ್‌ಗೆ ಹಾಕಲು ಅದಕ್ಕೆ ಬೇರೆ ಭಾಷೆಯೇ ಬಾರದು, ಅದರ ತಯಾರಕರು ಹೊಸ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಕೊಡುವುದನ್ನು ನಿಲ್ಲಿಸಿಯಾಗಿತ್ತು. ಇಡೀ ಕಚೇರಿ ಅದರ ಮೇಲೆ ನಿಂತಿತ್ತು. ಸ್ಕ್ಯಾನರ್‌ಗೂ ಅದರ ಕಡತಗಳನ್ನು ಮಾತ್ರ ಪಡೆಯುವ ಒಂದು ಪುಟ್ಟ ಯಂತ್ರಕ್ಕೂ ಪ್ರತ್ಯೇಕ ವಿಎಲ್ಎಎನ್ (ಉಳಿದವುಗಳಿಂದ ಬೇರ್ಪಟ್ಟ ನೆಟ್‌ವರ್ಕ್) ಮಾಡಿ, ಉಳಿದ ಎಲ್ಲ ಸರ್ವರ್‌ಗಳಲ್ಲಿ ಆ ವಿಧಾನವನ್ನು ಮುಚ್ಚಿದೆವು. ಇಂಥ ಮಧ್ಯದ ದಾರಿಗಳನ್ನು ಹೀಯಾಳಿಸುವವರಿದ್ದಾರೆ. ಜನರ ಕೆಲಸ ನಿಲ್ಲದೆ ಅಪಾಯ ಕುಗ್ಗಿದರೆ ಅದು ಒಳ್ಳೆಯ ಕೆಲಸವೇ ಎಂದು ನಾನು ನಂಬಿದ್ದೇನೆ.

ಕೇಬಲ್‌ಗಳಿಗೆ ಎರಡೂ ತುದಿಯಲ್ಲಿ ಲೇಬಲ್ ಅಂಟಿಸಿದ್ದು, ಯುಪಿಎಸ್‌ನ ಬ್ಯಾಟರಿಗಳನ್ನು ಬದಲಿಸಿದ್ದು, ಎಲ್ಲ ಯಂತ್ರಗಳ ಗಡಿಯಾರಗಳನ್ನು ಒಂದೇ ಸಮಯಕ್ಕೆ ತಂದದ್ದು, ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಡಿಯಾರದ ಬಗ್ಗೆ ಮಾತ್ರ ಒಂದು ಮಾತು: ವಿಂಡೋಸ್ ಡೊಮೈನ್‌ನಲ್ಲಿ (ಒಟ್ಟಿಗೆ ನಿರ್ವಹಿಸುವ ವಿಂಡೋಸ್ ಯಂತ್ರಗಳ ಗುಂಪಿನಲ್ಲಿ) ಲಾಗಿನ್ ನೋಡಿಕೊಳ್ಳುವ ಕರ್ಬೆರೋಸ್ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಆಗಾಗ ಕೆಲವರಿಗೆ ಮಾತ್ರ ಲಾಗಿನ್ ಆಗುತ್ತಿರಲಿಲ್ಲ ಎಂಬ, ವರ್ಷಗಳಿಂದ ಯಾರೂ ಬಿಡಿಸದ ಒಗಟಿಗೆ ಉತ್ತರ ಅಲ್ಲಿತ್ತು.

ಇಷ್ಟಾದ ಮೇಲೆ ಪ್ರತಿ ಸರ್ವರ್‌ನ ಸಂರಚನೆಯನ್ನು ಬರೆದಂತೆ ಸರ್ವರ್ ಸಿದ್ಧಪಡಿಸುವ ಆನ್ಸಿಬಲ್ ಎಂಬ ಉಪಕರಣದ ಕಡತಗಳಾಗಿ ಬರೆದು, ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿ ಇಡತೊಡಗಿದೆವು. ಇಲ್ಲಿ ನನ್ನ ಹಟ ಒಂದಿತ್ತು: ಇರುವುದನ್ನು ಇರುವ ಹಾಗೆಯೇ, ಅದರ ವಿಕಾರಗಳ ಸಮೇತ ಮೊದಲು ಬರೆಯಬೇಕು, ಸುಧಾರಣೆ ಪ್ರತ್ಯೇಕ ಬದಲಾವಣೆಯಾಗಿ ಆಮೇಲೆ. ಹಾಗೆ ಬರೆದಾಗಲೇ ಒಂದೇ ರೀತಿ ಇರಬೇಕಿದ್ದ ನಾಲ್ಕು ವೆಬ್ ಸರ್ವರ್‌ಗಳಲ್ಲಿ ಒಂದು ಬೇರೆಯಾಗಿದೆ ಎಂದು ಕಂಡದ್ದು. ಇದು ಸಣ್ಣ ವಿಷಯವಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ತಂತ್ರಾಂಶ ತಲುಪಿರಲಿಲ್ಲ. ಅದರಲ್ಲಿ ಉಳಿದಿದ್ದ, ಬಳಕೆಯಲ್ಲಿಲ್ಲದ ಹಳೆಯ ಕೋಡ್ ಎಚ್ಚೆತ್ತು ಆರ್ಡರ್‌ಗಳನ್ನು ಸುರಿಸಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರ್‌ಗೂ ಹೆಚ್ಚು. ನಮ್ಮ ಆ ನಾಲ್ಕನೆಯ ಸರ್ವರ್ ಮಾಡುತ್ತಿದ್ದದ್ದು ಗ್ರಾಹಕರ ವಿಳಾಸವನ್ನು ಹಳೆಯ ನಮೂನೆಯಲ್ಲಿ ತೋರಿಸುವುದಷ್ಟೇ. ‘ಕೆಲವೊಮ್ಮೆ ವಿಳಾಸ ತಪ್ಪಾಗಿ ಬರುತ್ತದೆ, ಪುಟವನ್ನು ಮತ್ತೆ ತೆರೆದರೆ ಸರಿಹೋಗುತ್ತದೆ’ ಎಂದು ಸಿಬ್ಬಂದಿ ಹೇಳುತ್ತಲೇ ಇದ್ದರು. ಅವರ ಮಾತು ಅಕ್ಷರಶಃ ನಿಜವಾಗಿತ್ತು: ಮತ್ತೆ ತೆರೆದಾಗ ಪುಟ ಬೇರೆ ಸರ್ವರ್‌ನಿಂದ ಬರುತ್ತಿತ್ತು.

ಎಚ್ಚರಿಕೆಗಳ ಅಂಚೆಪೆಟ್ಟಿಗೆಯಲ್ಲಿ ಸಾವಿರಾರು ಓದದ ಇಮೇಲ್‌ಗಳಿದ್ದವು. ಅವುಗಳ ನಡುವೆ ಆ ಕಿತ್ತಳೆ ದೀಪದ ಡಿಸ್ಕ್ ಸತ್ತ ದಿನದ ಸುದ್ದಿಯೂ ಇತ್ತು. ನಾನು ಎಲ್ಲ ಎಚ್ಚರಿಕೆಗಳನ್ನೂ ನಿಲ್ಲಿಸಿ, ಒಂದೇ ಅಳತೆಗೋಲಿನಿಂದ ಮತ್ತೆ ಸೇರಿಸಿದೆ: ಇದು ಬಂದರೆ ಯಾರಾದರೂ ಎದ್ದು ಏನಾದರೂ ಮಾಡಬೇಕೇ? ಡಿಸ್ಕ್ ತುಂಬುತ್ತಾ ಬಂದಿರುವುದು, ರೇಡ್‌ನಲ್ಲಿ ಒಂದು ಡಿಸ್ಕ್ ಹೋಗಿರುವುದು, ಸರ್ಟಿಫಿಕೇಟ್ ಮುಗಿಯುತ್ತಿರುವುದು, ನಿನ್ನೆ ರಾತ್ರಿಯ ಬ್ಯಾಕಪ್‌ನ ಗಾತ್ರ ಮೊನ್ನೆಯದಕ್ಕೆ ಸರಿಸಮನಾಗಿರುವುದು. ಕೊನೆಯದು ನಮ್ಮಲ್ಲಿ ಮಾತ್ರ ಇರುವ ಎಚ್ಚರಿಕೆ ಇರಬಹುದು. ಅದನ್ನು ನಾನು ಎಂದಿಗೂ ತೆಗೆಯುವುದಿಲ್ಲ. ಈಗ ವಾರಕ್ಕೆ ಬೆರಳೆಣಿಕೆಯಷ್ಟು ಇಮೇಲ್ ಬರುತ್ತವೆ, ಪ್ರತಿಯೊಂದನ್ನೂ ಓದುತ್ತೇವೆ.

ಸಂಬಳದ ಕಡತ ಪರಿವರ್ತಿಸುವ ಆ ಪ್ರೋಗ್ರಾಂ ಈಗ ಸರ್ವರ್ ಕೋಣೆಯ ವರ್ಚುವಲ್ ಯಂತ್ರವೊಂದರಲ್ಲಿ (ಸರ್ವರ್‌ನೊಳಗೆ ತಂತ್ರಾಂಶದಿಂದಲೇ ಮಾಡಿದ ಯಂತ್ರದಲ್ಲಿ) ನಡೆಯುತ್ತಿದೆ. ಎರಡು ತಿಂಗಳ ಕಡತಗಳನ್ನು ಹಳೆಯದರಲ್ಲೂ ಹೊಸದರಲ್ಲೂ ತಯಾರಿಸಿ, ಒಂದು ಅಕ್ಷರವೂ ಬೇರೆಯಿಲ್ಲವೆಂದು ನೋಡಿದ ಮೇಲೆ ಕಪಾಟಿನ ಹಿಂದಿನ ಯಂತ್ರವನ್ನು ಆರಿಸಿದೆವು. ಪಟ್ಟಿಯಲ್ಲಿ ‘ಹಳೆಯದು, ತೆಗೆಯಬೇಡಿ’ ಎಂದಿದ್ದ ಇನ್ನೊಂದು ಸರ್ವರ್ ಇನ್ನೂ ಓಡುತ್ತಿದೆ. ಅದರ ತಂತ್ರಾಂಶ ತನ್ನ ಪರವಾನಗಿಯನ್ನು ಯುಎಸ್‌ಬಿಗೆ ಸಿಕ್ಕಿಸಿದ ಡಾಂಗಲ್ ಎಂಬ ಪುಟ್ಟ ಸಾಧನದಲ್ಲಿ ಹುಡುಕುತ್ತದೆ, ಆ ಡಾಂಗಲ್ ಮಾಡಿದ ಕಂಪನಿ ಈಗಿಲ್ಲ. ಸದ್ಯಕ್ಕೆ ಅದನ್ನು ಇಂಟರ್ನೆಟ್‌ನಿಂದ ಪೂರ್ತಿ ಬೇರ್ಪಡಿಸಿ, ಇಬ್ಬರ ಯಂತ್ರಗಳಿಂದ ಮಾತ್ರ ತಲುಪುವಂತೆ ಮಾಡಿದ್ದೇವೆ. ಬದಲಿ ತಂತ್ರಾಂಶ ಆಯ್ಕೆಯಾಗಿದೆ. ಹಳೆಯ ದತ್ತಾಂಶವನ್ನು ಅದರೊಳಕ್ಕೆ ತರುವ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಹಳೆಯದು ವರ್ಷವನ್ನು ಎರಡೇ ಅಂಕಿಗಳಲ್ಲಿ ಇಟ್ಟುಕೊಂಡಿದೆ, ಹೊಸದು ನಾಲ್ಕನ್ನು ಕೇಳುತ್ತದೆ. ಈ ವಾರ ಆ ದಿನಾಂಕಗಳನ್ನು ಒಂದೊಂದಾಗಿ ಹೊಂದಿಸಬೇಕು.